ಎಷ್ಟು ಮಂದಿ ಮತಾಂತರ ಆದ್ರು ಅಂತ ಕೇಳೂದು ಬಿಡ್ರಿ

ನಮಸ್ಕಾರ್ರೀ. ಗದಗ-ಬೆಟಗೇರಿ ಕಡ್ಯಾವ್ರಿಗೆ ಜರ್ಮನ್ ದವಾಖಾನಿ ಎಲ್ಲೈತಿ ಅಂತ ಹೇಳಬೇಕಾಗಿಲ್ಲ. ಬಾಸೆಲ್ ಮಿಶನ್ನವರು ಕಟ್ಟಿದ್ದು, ಪ್ರಾಟೆಸ್ಟಂಟರದು. ಎಲ್ಲಾ ಜಾತಿ, ಎಲ್ಲಾ ಧರ್ಮದ ಮನಿ ಹೆರಿಗಿ ಅಲ್ಲಿ ಆಗ್ಯಾವ. ಆದ್ರೂ ಕ್ರೈಸ್ತರ ಸೇವಾದ ಮಾತು ಬಂತಂದ್ರ ಚಾದಂಗಡ್ಯಾಗ ಒಂದ ಪ್ರಶ್ನೆ: ಎಷ್ಟು ಮಂದಿ ಮತಾಂತರ ಆದ್ರು? ನಮ್ಮ ಕ್ಯಾಥೊಲಿಕರಾಗೂ ಇದನ್ನ ಕೇಳೋರದಾರ. ಅವರ ಆಸೆ ಬ್ಯಾರೆ, ಪ್ರಶ್ನೆ ಅದ. ನಾನೂ ಕ್ಯಾಥೊಲಿಕ್, ನನಗ ಆ ಲೆಕ್ಕಾನ ಬ್ಯಾಡ.

ಡಾಕ್ಟರ್ ರೂತ್ ಫಾವ್ ಅವರನ್ನ ನೋಡ್ರಿ. 1929ರಾಗ ಜರ್ಮನಿಯೊಳಗ ಹುಟ್ಟಿದ ಕ್ಯಾಥೊಲಿಕ್ ಸನ್ಯಾಸಿನಿ. 1960ರಾಗ ಭಾರತಕ್ಕ ಹೊಂಟವರು ವೀಸಾ ತೊಡಕಿನಿಂದ ಕರಾಚಿಯಾಗ ಉಳಿದ್ರು. ಅಲ್ಲಿ ಕುಷ್ಠರೋಗಿಗಳ ಓಣಿಗೆ ಹೋದಾಗ ಒಬ್ಬ ಹರೇದ ಹುಡುಗ ಕೈಕಾಲು ಊರಿ ತೆವಳಿಕೋತ ದವಾಖಾನಿಯೊಳಗ ಬಂದನಂತ. ಅದನ್ನ ನೋಡಿ ಅಲ್ಲೇ ಉಳಿಯೂದಂತ ಮನಸ್ಸು ಮಾಡಿದ್ರು, ಪಾಕಿಸ್ತಾನಾನ ಅವರ ಮನಿ ಆತು.

ಅವರು ಕರಾಚಿಯಾಗ ಕೂತು ರೋಗಿಗಳ ದಾರಿ ಕಾಯಲಿಲ್ಲ. ಬಲೂಚಿಸ್ತಾನ, ಗಿಲ್ಗಿಟ್ ಕಡೆ ಗುಡ್ಡದ ಹಳ್ಳಿಗೆಲ್ಲಾ ಹೋದ್ರು. ಕೆಲಸ ಎಂಥಾದ್ದು ಅಂತ ತಿಳ್ಕೋರಿ. ಕುಷ್ಠ ಬಹಳ ಸಲ ಮೈಮ್ಯಾಲಿನ ಮಾಸಲು ಮಚ್ಚಿಯಿಂದ ಶುರು ಆಗತೈತಿ. ರೋಗಿ ಕಣ್ಣು ಮುಚ್ಚಿಸಿ, ಹತ್ತಿ ಎಳಿ ಆ ಮಚ್ಚಿಗೆ ತಾಗಸ್ತಾರ. ಎಲ್ಲಿ ತಾಗಿತು ಅಂತ ಬೆರಳಿಟ್ಟು ತೋರಿಸಬೇಕು. ತೋರಿಸಾಕ ಆಗಲಿಲ್ಲಂದ್ರ ನರಕ್ಕ ಪೆಟ್ಟು ಬಿದ್ದೈತಿ. ಅಂಥಾ ಮಚ್ಚಿ ಪರದಾದೊಳಗಿನ ಒಬ್ಬ ಹೆಣಮಗಳ ಬೆನ್ನಮ್ಯಾಲಿದ್ರ? ಗಂಡಸು ಡಾಕ್ಟರನ್ನ ಹೊಸ್ತಿಲ ದಾಟಾಕ ಬಿಡೂದಿಲ್ಲ. ಹೆಣ್ಣು ಡಾಕ್ಟರಾದ್ರೂ, ಇಕಿ ನಮ್ಮ ಧರ್ಮಕ್ಕ ಕೈ ಹಾಕ್ತಾಳ ಅನ್ನೋ ಸಂಶೆ ಬಂತಂದ್ರ ಮುಗೀತು. ಬಾಗಿಲ ಹಾಕತೈತಿ, ರೋಗ ಒಳಗ ಬೆಳೀತೈತಿ. ಮತಾಂತರಕ್ಕ ಕೈ ಹಾಕದ ಅವರಿಗೆ ಅಂಥಾ ಬಾಗಿಲ ತೆರದ್ವು. ಅಲ್ಲಿಯ ಮಂದಿಗೇ ತರಬೇತಿ ಕೊಟ್ಟು ಕೆಲಸಕ್ಕ ಹಚ್ಚಿದ್ರು. ಪಾಕಿಸ್ತಾನದಾಗ ಕುಷ್ಠ ಹತೋಟಿಗೆ ಬಂತಂತ 1996ರಾಗ ವಿಶ್ವ ಆರೋಗ್ಯ ಸಂಸ್ಥೆ ಸಾರಿತು. 2017ರಾಗ ಅವರು ತೀರಿಕೊಂಡಾಗ ಶವಪೆಟ್ಟಿಗಿಗೆ ಆ ದೇಶದ ಬಾವುಟ ಹೊದಿಸಿ, ಸರ್ಕಾರಿ ಗೌರವದಿಂದ ಮಣ್ಣು ಮಾಡಿದ್ರು.

ಅಲ್ಜೀರಿಯಾದ ಮರುಭೂಮಿಯಾಗ ಟುವಾರೆಗ್ ಮುಸಲ್ಮಾನರ ನಡುವ ಬಾಳಿದ ಫ್ರಾನ್ಸಿನ ಕ್ಯಾಥೊಲಿಕ್ ಪಾದ್ರಿ ಶಾರ್ಲ್ ದ ಫುಕೋ ಅವರದೂ ಹಂಗ. ಮತಾಂತರದ ಲೆಕ್ಕ ಹಿಡದ್ರ ಅವರದು ಬರಿಗೈ. ಆ ಮಂದಿ ಭಾಷೆ ಕಲತು ನಿಘಂಟು ಬರದ್ರು. 1916ರಾಗ ಅಲ್ಲೇ ಕೊಲೆಯಾದ್ರು. ಅವರನ್ನ 2022ರಾಗ ಚರ್ಚು ಸಂತರಂತ ಘೋಷಿಸಿತು. ಚರ್ಚಿಗೇ ಲೆಕ್ಕ ಬ್ಯಾಡಾಗಿದ್ದರ ನಮಗ್ಯಾಕ ಬೇಕು?

ಒಂದು ಮಾತು ಖಡಾಖಂಡಿತ ಹೇಳ್ತೀನಿ: ಔಷಧ ಕೊಟ್ಟ ಕೈಲೇ ಧರ್ಮ ಬಿಡ್ರಿ ಅಂತ ಒತ್ತಾಯ ಮಾಡೋರಿದ್ರ, ಅವರ ಮ್ಯಾಲೆ ಸಂಶೆ ಪಡೂದು ತಪ್ಪಲ್ಲ. ಸಂಕಟದಾಗಿದ್ದವನ ಕೂಡ ವ್ಯಾಪಾರ ಮಾಡಬಾರದು.

ನಮ್ಮ ದೇಶ 2005ರಾಗ, ಸಾರ್ವಜನಿಕ ಆರೋಗ್ಯದ ಸಮಸ್ಯೆಯಾಗಿ ಕುಷ್ಠ ನಿರ್ಮೂಲನ ಆತಂತ ಹೇಳಿತು. ಆದ್ರೂ ಜಗತ್ತಿನ ಹೊಸ ರೋಗಿಗಳಾಗ ಅರ್ಧಕ್ಕಿಂತ ಹೆಚ್ಚು ಮಂದಿ ಇನ್ನೂ ಇಲ್ಲೇ ಅದಾರ. ಸವಣೂರು, ಶಿಗ್ಗಾವಿ ಕಡೆ ಹಳ್ಯಾಗ ಆಶಾ ಅಕ್ಕ ಮಚ್ಚಿ ನೋಡಾಕ ಬಂದ್ರ, ಜಮಾತಿನ ಹಿರ್ಯಾರು ಜುಮ್ಮಾ ನಮಾಜಾದ ಮ್ಯಾಲೆ ಒಂದು ಮಾತು ಹೇಳ್ರಿ. ನಮ್ಮ ಸಿಸ್ಟರ್‌ಗಳು ಆಕಿ ಜೋಡಿ ಹೋಗ್ಲಿ. ಆರು ತಿಂಗಳದ್ದೋ ವರ್ಷದ್ದೋ ಗುಳಿಗಿ, ಸರ್ಕಾರಿ ದವಾಖಾನ್ಯಾಗ ಪುಕ್ಕಟ ಕೊಡ್ತಾರ.