ನೀರು ಕೇಳಿದ ಹುಡುಗಿ ಮತ್ತು ‘ಮೇ ಐ’
(ದಾವಣಗೆರೆಯಲ್ಲಿ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರಿಗೆ ನೀಡಿದ ಉಪನ್ಯಾಸ)

ಸ್ನೇಹಿತರೇ, ವ್ಯಾಕರಣ ನಿಮಗೆಲ್ಲ ಗೊತ್ತಿದೆ, ಅದನ್ನು ಮತ್ತೆ ಒಪ್ಪಿಸುವುದಿಲ್ಲ. ನನ್ನ ತಕರಾರು ಒಂದೇ. ಅನುಮತಿ ಕೇಳಲು ‘ಮೇ ಐ’ ಮಾತ್ರ ಸರಿ, ‘ಕ್ಯಾನ್ ಐ’ ತಪ್ಪು ಎಂದು ಕಲಿಸುವುದನ್ನು ನಾವು ನಿಲ್ಲಿಸಬೇಕು. ಇಂದಿನ ಇಂಗ್ಲಿಷಿನಲ್ಲಿ ಎರಡೂ ಅನುಮತಿಯ ಮಾತುಗಳೇ. ಮೊದಲನೆಯದರಲ್ಲಿ ಔಪಚಾರಿಕತೆ ಹೆಚ್ಚು, ಎರಡನೆಯದರಲ್ಲಿ ಸಲಿಗೆ ಹೆಚ್ಚು, ಅಷ್ಟೇ.

ಜಗಳೂರು ಕಡೆಯ ಒಂದು ಶಾಲೆಯಲ್ಲಿ ಪಾಠ ನೋಡುತ್ತ ಕುಳಿತಿದ್ದೆ. ಏಪ್ರಿಲ್ ತಿಂಗಳು. ಅಲ್ಲಿಯ ಬಿಸಿಲನ್ನು ನಿಮಗೆ ಹೇಳಬೇಕಾಗಿಲ್ಲ. ಒಬ್ಬ ಹುಡುಗಿ ಎದ್ದು, ‘ಸರ್, ಕ್ಯಾನ್ ಐ ಡ್ರಿಂಕ್ ವಾಟರ್’ ಎಂದಳು. ಮೇಷ್ಟ್ರು, ‘ಕುಡಿಯುವ ಶಕ್ತಿ ನಿನಗಿದೆಯೋ ಇಲ್ಲವೋ ನನಗೇನು ಗೊತ್ತಮ್ಮ?’ ಎಂದರು. ಇಡೀ ತರಗತಿ ನಕ್ಕಿತು. ಆ ಹುಡುಗಿ ವಾಕ್ಯವನ್ನು ತಿದ್ದಿಕೊಳ್ಳಲಿಲ್ಲ, ಸುಮ್ಮನೆ ಕುಳಿತಳು. ಗಂಟೆ ಹೊಡೆಯುವವರೆಗೆ ನೀರು ಕುಡಿಯಲಿಲ್ಲ. ಯೋಚಿಸಿ: ಬಾಯಾರಿದ ಮಗು ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಕಟ್ಟಿತ್ತು. ಅರ್ಥ ಎಲ್ಲರಿಗೂ ಆಗಿತ್ತು, ಮೇಷ್ಟ್ರಿಗೂ ಆಗಿತ್ತು. ಅವರು ಕೆಟ್ಟವರಲ್ಲ, ಅವರ ಮೇಷ್ಟ್ರು ಅವರಿಗೆ ಹೇಳಿಕೊಟ್ಟಿದ್ದೂ ಅದನ್ನೇ.

ಇನ್ನು ‘ಕ್ಯಾನ್’ ಎಂದರೆ ಶಕ್ತಿ ಮಾತ್ರ ಎಂಬ ಮೇಷ್ಟ್ರ ಮಾತು. ‘ಮೇ’ ಹುಟ್ಟಿದ್ದು ‘ಮಾಗನ್’ ಎಂಬ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ. ಅದರ ಅರ್ಥವೇ ಶಕ್ತವಾಗಿರು ಎಂದು! ಬಲ ಎಂಬ ಅರ್ಥದ ‘ಮೈಟ್’ ಕೂಡ ಅದೇ ಬೇರಿನದು. ಶಕ್ತಿಯಿಂದ ಅನುಮತಿಗೆ ‘ಮೇ’ ಮೊದಲು ನಡೆದು ಬಂದಿತು, ‘ಕ್ಯಾನ್’ ಅದೇ ದಾರಿಯಲ್ಲಿ ಆಮೇಲೆ ಬಂದಿತು. ಹಾಗಿರುವಾಗ ಹುಡುಗಿಯ ತಪ್ಪೇನು?

ಆಯ್ಕೆ ಇರುವುದು ಎದುರಿಗೆ ಯಾರಿದ್ದಾರೆ ಎಂಬುದರಲ್ಲಿ. ಗೆಳೆಯನ ಪೆನ್ನಿಗೆ ‘ಕ್ಯಾನ್ ಐ’ ಸಾಕು. ಅಪರಿಚಿತರ ಹತ್ತಿರ ‘ಕುಡ್ ಐ’ ಮೃದು. ಆದರೆ ‘ಕುಡ್’ ಕೇಳುವುದಕ್ಕೆ ಮಾತ್ರ. ಒಪ್ಪಿಗೆ ಕೊಡುವಾಗ ‘ಯೆಸ್, ಯು ಕುಡ್’ ಎನ್ನಬಾರದು, ‘ಯು ಕ್ಯಾನ್’ ಎನ್ನಬೇಕು. ಸಂದರ್ಶನದ ಕೊಠಡಿಗೆ ‘ಮೇ ಐ’ ಒಪ್ಪುತ್ತದೆ. ಅದನ್ನು ಖಂಡಿತ ಕಲಿಸಿ.

ಔಪಚಾರಿಕವಾದದ್ದೆಲ್ಲ ವಿನಯವಲ್ಲ, ಇದನ್ನು ಒತ್ತಿ ಹೇಳುತ್ತೇನೆ. ‘ಯು ಮೇ ಸಿಟ್’ ಎಂದಾಗ ಹೇಳುವವರು ಅಧಿಕಾರದ ಸ್ಥಾನದಲ್ಲಿ ನಿಲ್ಲುತ್ತಾರೆ. ವಿದ್ಯಾರ್ಥಿಗೆ ಸರಿ, ಮುಖ್ಯೋಪಾಧ್ಯಾಯರಿಗೆ ಹಾಗೆ ಹೇಳಿದರೆ ಒರಟು. ಮನೆಗೆ ಬಂದ ಹಿರಿಯರಿಗೆ ನಾವು ‘ಕೂರಬಹುದು’ ಎನ್ನುತ್ತೇವೆಯೇ? ‘ಬನ್ನಿ, ಕೂತುಕೊಳ್ಳಿ’ ಎನ್ನುತ್ತೇವೆ. ಅಂಥವರು ‘ಮೇ ಐ ಸಿಟ್’ ಎಂದು ಕೇಳಿದರೆ ‘ಪ್ಲೀಸ್ ಡೂ’ ಎನ್ನಬೇಕು.

‘ಮೇ’, ‘ಕ್ಯಾನ್’ ಎರಡೂ ಇಲ್ಲದೆಯೂ ಅನುಮತಿ ಕೇಳಬಹುದು. ಬೆಣ್ಣೆ ದೋಸೆ ಹೋಟೆಲಿನಲ್ಲಿ ಖಾಲಿ ಕುರ್ಚಿ ಕಂಡರೆ ‘ಇಲ್ಲಿ ಯಾರಾದರೂ ಬರುತ್ತಾರೆಯೇ?’ ಎನ್ನುತ್ತೇವೆ. ಇಂಗ್ಲಿಷಿನವರೂ ‘ಈಸ್ ಎನಿಒನ್ ಸಿಟಿಂಗ್ ಹಿಯರ್’ ಎಂದೇ ಕೇಳುತ್ತಾರೆ. ಮಕ್ಕಳಿಗೆ ಇಂಥವನ್ನು ಆಡಿಸಿ, ಬಾಯಿಪಾಠ ಬೇಡ.

ಅಧ್ಯಕ್ಷರ ಚೀಟಿ ಬಂದಿದೆ, ಉಳಿದದ್ದನ್ನು ಬೇಗ ಹೇಳುತ್ತೇನೆ. ‘ಡು ಯು ಮೈಂಡ್ ಇಫ್’, ಅಂದರೆ ನಿಮ್ಮ ಅಭ್ಯಂತರವಿದೆಯೇ ಎಂದು ಕೇಳಿದರೆ ಒಪ್ಪಿಗೆಯ ಉತ್ತರ ‘ನೋ’. ನಮ್ಮ ಮಕ್ಕಳು ‘ಯೆಸ್’ ಎಂದು ಸಿಕ್ಕಿಬೀಳುತ್ತಾರೆ. ನಿನ್ನೆ ಒಮ್ಮೆ ಸಿಕ್ಕ ಅನುಮತಿಗೆ ‘ಕುಡ್’ ಸಲ್ಲದು, ‘ವಾಸ್ ಅಲೌಡ್ ಟು’ ಬೇಕು. ರಜೆ ಅರ್ಜಿಯ ಭಾಷೆಯ ಬಗ್ಗೆಯೂ ಮಾತನಾಡಬೇಕಿತ್ತು. ಹಿಂದಿನ ಸಾಲಿನಲ್ಲಿ ಆಗಲೇ ಕೈ ಎತ್ತಿದ್ದೀರಿ, ನಿಮ್ಮ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ, ಕೇಳಿ.