ಜಾಸ್ತಿ ಮಾರಾಟ ಆದದ್ದೇ ಒಳ್ಳೆಯ ಕನ್ಸೋಲಾ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೆಜೆಸ್ಟಿಕ್ ಬಳಿಯ ನ್ಯಾಷನಲ್ ಮಾರ್ಕೆಟ್‌ನಲ್ಲಿ ಕನ್ಸೋಲ್, ಅಂದರೆ ವಿಡಿಯೊ ಗೇಮ್ ಆಡುವ ಯಂತ್ರ, ಮಾರುವ ಅಂಗಡಿಗಳ ಮುಂದೆ ನಿಂತವರಿಗೆ ಒಂದು ವಾದ ಪರಿಚಯ ಇದ್ದೇ ಇರುತ್ತದೆ. 'ಈ ಕನ್ಸೋಲೇ ಜಾಸ್ತಿ ಮಾರಾಟ ಆಗಿರೋದು, ಅಂದ್ಮೇಲೆ ಇದೇ ಬೆಸ್ಟ್' ಅಂತ ಒಬ್ಬರು. 'ಮಾರಾಟ ಬಿಡಿ, ಗೇಮ್ ಹೇಗಿದೆ ನೋಡಿ' ಅಂತ ಇನ್ನೊಬ್ಬರು. ನಾನು ಎರಡನೆಯವರ ಕಡೆ. ಯಾಕೆ ಅಂತ ಹೇಳುತ್ತೇನೆ.

ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ 1998ರ ನವೆಂಬರ್‌ನಲ್ಲಿ ಜಪಾನಿನಲ್ಲಿ ಬಂತು. ಇಂಟರ್‌ನೆಟ್‌ಗೆ ಬೇಕಾದ ಮೋಡೆಮ್ ಅದರೊಳಗೇ ಇತ್ತು. ಮನೆಯಲ್ಲಿ ಕೂತು ದೂರದ ಊರಿನವರ ಜೊತೆ ಆಡಬಹುದಿತ್ತು. ಮೆಮೊರಿ ಕಾರ್ಡಿಗೂ ಒಂದು ಪುಟ್ಟ ಸ್ಕ್ರೀನ್. 'ಸೋಲ್ ಕ್ಯಾಲಿಬರ್', 'ಕ್ರೇಜಿ ಟ್ಯಾಕ್ಸಿ', 'ಶೆನ್‌ಮ್ಯೂ' ತರಹದ ಗೇಮ್‌ಗಳು. ಇಷ್ಟಿದ್ದೂ 2001ರಲ್ಲಿ ಸೆಗಾ ಅದನ್ನು ನಿಲ್ಲಿಸಿತು. ಮಾರಾಟ ಆದದ್ದು 91 ಲಕ್ಷದಷ್ಟು.

ಎದುರಿಗಿದ್ದದ್ದು ಸೋನಿಯ ಪ್ಲೇಸ್ಟೇಷನ್ 2. ಅದು 15 ಕೋಟಿಗೂ ಜಾಸ್ತಿ ಮಾರಾಟವಾಯಿತು. ಒಳ್ಳೆಯ ಯಂತ್ರವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಅದು ಡಿವಿಡಿಯನ್ನೂ ಓಡಿಸುತ್ತಿತ್ತು. ಡಿವಿಡಿ ಪ್ಲೇಯರ್ ದುಬಾರಿಯಾಗಿದ್ದ ಕಾಲ ಅದು. ಸಿನಿಮಾ ನೋಡಲು ಕೊಂಡವರೂ ಎಷ್ಟೋ ಜನ. ಸೆಗಾದ ಹಿಂದಿನ ಯಂತ್ರ ಸ್ಯಾಟರ್ನ್ ನಷ್ಟ ಮಾಡಿತ್ತು. ಅಂಗಡಿಯವರ ನಂಬಿಕೆ ಹೋಗಿತ್ತು, ಕೈಯಲ್ಲಿ ಹಣವೂ ಉಳಿದಿರಲಿಲ್ಲ. ಈಗ ಹೇಳಿ, ಇದರಲ್ಲಿ ಡ್ರೀಮ್‌ಕಾಸ್ಟ್‌ನ ಗೇಮ್‌ಗಳ ತಪ್ಪೇನಿದೆ?

ನಮ್ಮ ಗಾಂಧಿನಗರದ ಸಿನಿಮಾದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ಚಿತ್ರ ಥಿಯೇಟರ್ ಸಿಗದೆ ಒಂದೇ ವಾರಕ್ಕೆ ಇಳಿದುಹೋಗುವುದನ್ನು ಅವರು ನೋಡುತ್ತಲೇ ಬಂದಿದ್ದಾರೆ.

ಇನ್ನೂ ಗಟ್ಟಿಯಾದ ಸಾಕ್ಷಿ ಇದೆ. ನಿಂಟೆಂಡೊದ 'ಮಾರಿಯೊ ಕಾರ್ಟ್ 8' 2014ರಲ್ಲಿ ವೀ ಯು ಎಂಬ ಕನ್ಸೋಲಿಗೆ ಬಂತು. ಆ ಕನ್ಸೋಲ್ ಒಟ್ಟು ಮಾರಾಟವಾದದ್ದೇ 1.35 ಕೋಟಿ. ಅದೊಂದು ಹೊಸ ಯಂತ್ರ ಅಂತಲೇ ಜನಕ್ಕೆ ಗೊತ್ತಾಗಲಿಲ್ಲ. ವೀ ಎಂಬ ಹಳೆಯ ಕನ್ಸೋಲಿಗೆ ಜೋಡಿಸುವ ಸಾಮಾನು ಅಂದುಕೊಂಡವರು ಬಹಳ. ಹಾಗಾಗಿ ಗೇಮ್ 80 ಲಕ್ಷ ಚಿಲ್ಲರೆ ಪ್ರತಿಗಳಿಗೇ ನಿಂತಿತು. 2017ರಲ್ಲಿ ಅದೇ ಗೇಮ್, ಒಂದಿಷ್ಟು ಹೊಸದನ್ನು ಸೇರಿಸಿಕೊಂಡು, ಸ್ವಿಚ್ ಕನ್ಸೋಲಿಗೆ ಬಂತು. 6 ಕೋಟಿ ದಾಟಿತು! ಅದೇ ರಸ್ತೆಗಳು, ಅದೇ ಕಾರುಗಳು, ಅದೇ ತಿರುವುಗಳು. ಗುಣ ಏಳು ಪಟ್ಟು ಬೆಳೆಯಿತಾ? ಇಲ್ಲ, ಅಲ್ವಾ.

ಹಾಗಂತ ಮಾರಾಟದ ಲೆಕ್ಕವನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ. ಯಾವ ಕನ್ಸೋಲ್ ಹೆಚ್ಚು ಮನೆಗಳಲ್ಲಿದೆಯೋ ಅದಕ್ಕೇ ಕಂಪನಿಗಳು ಗೇಮ್ ಮಾಡುತ್ತವೆ. ಮಕ್ಕಳಿಗೆ ಕೊಡಿಸುವ ಅಪ್ಪ ಅಮ್ಮ ಇದನ್ನು ನೋಡಲೇಬೇಕು. ಹೊಸ ಗೇಮ್ ಬರುತ್ತಾ, ಕಂಟ್ರೋಲರ್ ಕೆಟ್ಟರೆ ನಮ್ಮ ಊರಲ್ಲಿ ರಿಪೇರಿ ಆಗುತ್ತಾ ಅನ್ನುವುದು ಸಣ್ಣ ಮಾತಲ್ಲ.

ಕೆಲವು ಸಲ ಮಾರಾಟ ಗೆದ್ದದ್ದು ಗುಣದಿಂದಲೇ. ನಿಂಟೆಂಡೊದವರ, ಕೈಯಲ್ಲಿ ಹಿಡಿದು ಆಡುವ 1989ರ ಗೇಮ್‌ಬಾಯ್‌ಗೆ ಬಣ್ಣವೇ ಇರಲಿಲ್ಲ. ಎದುರಾಳಿಗಳಾದ ಅಟಾರಿ ಲಿಂಕ್ಸ್, ಸೆಗಾ ಗೇಮ್ ಗೇರ್ ಎರಡಕ್ಕೂ ಬಣ್ಣದ ಸ್ಕ್ರೀನ್ ಇತ್ತು. ಆದರೆ ಅವು ಆರು ಸೆಲ್ ಹಾಕಿದರೂ ಕೆಲವೇ ಗಂಟೆಗಳಲ್ಲಿ ಖಾಲಿ. ಗೇಮ್‌ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಜಾಸ್ತಿ ಓಡುತ್ತಿತ್ತು. ಜೇಬಿನಲ್ಲಿ ಇಟ್ಟುಕೊಳ್ಳುವ ಆಟಕ್ಕೆ ಇದಕ್ಕಿಂತ ದೊಡ್ಡ ಗುಣ ಯಾವುದು? ಅಂಕಿಯೊಂದನ್ನೇ ನೋಡಿದರೆ ಈ ಕಾರಣ ಕಾಣುವುದಿಲ್ಲ. ನನ್ನ ತಕರಾರು ಅಷ್ಟೇ.

ಮತ್ತೆ ಆ 'ಶೆನ್‌ಮ್ಯೂ' ವಿಷಯ. ಡ್ರೀಮ್‌ಕಾಸ್ಟ್ ನಿಂತುಹೋದ ಮೇಲೆ ಅದರ ಕತೆ ಅರ್ಧಕ್ಕೇ ಉಳಿಯಿತು. 2015ರಲ್ಲಿ ಅದನ್ನು ರೂಪಿಸಿದ ಯು ಸುಝುಕಿ ಮೂರನೇ ಭಾಗಕ್ಕೆ ಜನರಿಂದಲೇ ಹಣ ಕೇಳಿದರು. ಅಭಿಮಾನಿಗಳು 63 ಲಕ್ಷ ಡಾಲರ್ ಕೊಟ್ಟರು. 2019ರಲ್ಲಿ ಆ ಗೇಮ್ ಬಂತು. ಓಡಿದ್ದು ಸೋನಿಯ ಪ್ಲೇಸ್ಟೇಷನ್ 4ರಲ್ಲಿ.

ನಮಸ್ಕಾರ.