ಹೈಸ್ಕೂಲು ಮುಗಿಯಿತು, ಈಗ ಬರೆದಿಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮುಗಿಸಿ ಹೊರಗೆ ಬರುತ್ತಿರುವ ಮಕ್ಕಳಿಗೆ ನಾಲ್ಕು ಮಾತು ಹೇಳಿ ಅಂತ ಬಾನುಲಿಯವರು ಕರೆದಿದ್ದಾರೆ. ನನ್ನ ಹತ್ತಿರ ನಾಲ್ಕು ಮಾತು ಇಲ್ಲ, ಒಂದೇ ಇದೆ. ಅದನ್ನೇ ತಿರುಗಿಸಿ ಮುರುಗಿಸಿ ಹೇಳುತ್ತೇನೆ. ಬೇಜಾರು ಮಾಡಿಕೊಳ್ಳಬೇಡಿ.

ಆ ಮಾತು ಇಷ್ಟೇ: ಬರೆದಿಡಿ. ಹೈಸ್ಕೂಲಿನಲ್ಲಿ ನಿಮ್ಮ ದಿನ ಹೇಗೆ ಕಳೆಯುತ್ತಿತ್ತು ಅನ್ನುವುದನ್ನು ಈ ವಾರವೇ ಬರೆದಿಡಿ. ದೊಡ್ಡ ದೊಡ್ಡ ವಿಷಯ ಬೇಡ. ಸಣ್ಣದು, ತೀರಾ ಸಣ್ಣದು, ಇದನ್ನೇನು ಬರೆಯುವುದು ಅನ್ನಿಸುವಂಥದ್ದು. ಅದನ್ನೇ ಬರೆಯಿರಿ.

ನಾನು ಮನಶ್ಶಾಸ್ತ್ರ ಪಾಠ ಮಾಡುವವನು. ಅದರಲ್ಲೂ ನೆನಪು ಅನ್ನುವುದು ನನಗೆ ಪ್ರೀತಿಯ ವಿಷಯ. ಹಾಗಾಗಿ ಬೀಳ್ಕೊಡುಗೆ ಸಮಾರಂಭಗಳಿಗೆ ಹೋದಾಗ ನನಗೆ ಸ್ವಲ್ಪ ಸಿಟ್ಟು ಬರುತ್ತದೆ. ಯಾರಾದರೊಬ್ಬರು ಮೈಕು ಹಿಡಿದು, "ಮಕ್ಕಳೇ, ಈ ದಿನಗಳನ್ನು ನೀವು ಎಂದೆಂದಿಗೂ ಮರೆಯುವುದಿಲ್ಲ" ಅಂದೇ ಅನ್ನುತ್ತಾರೆ. ಮರೆಯುತ್ತಾರೆ ಸ್ವಾಮಿ. ಖಂಡಿತ ಮರೆಯುತ್ತಾರೆ. ಮರೆತರೂ ಪರವಾಗಿಲ್ಲ ಅನ್ನೋಣ. ಆದರೆ ಮರೆತ ಜಾಗ ಖಾಲಿ ಇರುವುದಿಲ್ಲವಲ್ಲ. ಅಲ್ಲಿ ಇನ್ನೊಂದು ಕಥೆ ಬಂದು ಕೂರುತ್ತದೆ. ಅದು ಯಾವಾಗ ಬಂದು ಕೂತಿತು ಅನ್ನುವುದು ನಮಗೆ ಗೊತ್ತೇ ಆಗುವುದಿಲ್ಲ.

ಅಮೆರಿಕದಲ್ಲಿ ಹ್ಯಾರಿ ಬಾಹ್ರಿಕ್ ಅಂತ ಒಬ್ಬ ವಿಜ್ಞಾನಿ ಇದ್ದರು. 1996ರಲ್ಲಿ ಅವರು ಮತ್ತು ಅವರ ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. 99 ಕಾಲೇಜು ವಿದ್ಯಾರ್ಥಿಗಳನ್ನು ಕೂರಿಸಿಕೊಂಡು, ಹೈಸ್ಕೂಲಿನಲ್ಲಿ ಯಾವ ವಿಷಯಕ್ಕೆ ಯಾವ ಗ್ರೇಡ್ ಬಂದಿತ್ತು ಅಂತ ಕೇಳಿದರು. ಆಮೇಲೆ ಶಾಲೆಯ ದಾಖಲೆ ತೆಗೆದು ತಾಳೆ ನೋಡಿದರು. ಎ ಗ್ರೇಡ್ ಬಂದದ್ದು ಶೇಕಡಾ 89ರಷ್ಟು ಸರಿಯಾಗಿ ನೆನಪಿತ್ತು. ಡಿ ಬಂದದ್ದು? ಶೇಕಡಾ 29 ಮಾತ್ರ. ತಪ್ಪು ಹೇಳಿದವರಲ್ಲಿ ಹೆಚ್ಚಿನವರು ಗ್ರೇಡನ್ನು ಮೇಲಕ್ಕೇ ಏರಿಸಿ ಹೇಳಿದ್ದರು. ಇವರು ಹೈಸ್ಕೂಲು ಬಿಟ್ಟು ಬಹಳ ಕಾಲ ಆಗಿರಲಿಲ್ಲ ನೋಡಿ. ಆಗಲೇ ಮನಸ್ಸು ತನಗೆ ಬೇಕಾದ ಹಾಗೆ ತಿದ್ದಿಕೊಂಡಾಗಿತ್ತು.

ಅಂಕಗಳಾದರೆ ಬಿಡಿ, ದಾಖಲೆ ಇರುತ್ತದೆ. ನಾವು ಎಂಥವರಾಗಿದ್ದೆವು ಅನ್ನುವುದಕ್ಕೆ ದಾಖಲೆ ಎಲ್ಲಿರುತ್ತದೆ? ಇದನ್ನೂ ಒಬ್ಬರು ಪರೀಕ್ಷೆ ಮಾಡಿದ್ದಾರೆ. ಡೇನಿಯಲ್ ಆಫರ್ ಅಂತ ಮನೋವೈದ್ಯರು. 1962ರಲ್ಲಿ 14 ವರ್ಷದ 73 ಹುಡುಗರನ್ನು ಮಾತಾಡಿಸಿದರು. ಮನೆ ಹೇಗಿದೆ, ಅಪ್ಪ ಅಮ್ಮ ಹೇಗೆ, ಓದು ಇಷ್ಟವಾ, ಏಟು ತಿನ್ನುತ್ತೀಯಾ, ಹೀಗೆ. ಉತ್ತರಗಳನ್ನು ಎತ್ತಿಟ್ಟರು. ಆ ಹುಡುಗರಿಗೆ 48 ವರ್ಷ ಆದಾಗ ಅವರಲ್ಲಿ 67 ಜನರನ್ನು ಮತ್ತೆ ಮಾತಾಡಿಸಿ, "ಆಗ ನೀವು ಹೇಗಿದ್ದಿರಿ, ಹೇಳಿ" ಅಂದರು. ಎರಡೂ ಉತ್ತರ ಪಕ್ಕದಲ್ಲಿಟ್ಟು ನೋಡಿದರೆ, ಹೊಂದಿಕೆಯೇ ಇಲ್ಲ. ಕಣ್ಣು ಮುಚ್ಚಿ ಊಹೆ ಮಾಡಿ ಹೇಳಿದ್ದರೂ ಅಷ್ಟೇ ಸರಿ ಬರುತ್ತಿತ್ತು. ತಮ್ಮದೇ ಬದುಕು, ತಾವೇ ಕೊಟ್ಟ ಉತ್ತರ! ಸುಳ್ಳು ಹೇಳಿದರಾ? ಇಲ್ಲ. ನೆನಪು ಇರುವುದೇ ಹಾಗೆ. ಅದಕ್ಕೇ ಹೇಳುತ್ತಿರುವುದು, ಬರೆದಿಡಿ ಅಂತ.

ಈಗ ನನಗೆ ಬಹಳ ಇಷ್ಟವಾದ ಒಂದು ಪ್ರಸಂಗ ಹೇಳುತ್ತೇನೆ. ನನ್ನ ವಿದ್ಯಾರ್ಥಿಗಳು ಇದನ್ನು ಕೇಳಿ ಕೇಳಿ ಸಾಕಾಗಿ ಹೋಗಿದ್ದಾರೆ. ನೀವು ಕೇಳಿಲ್ಲವಲ್ಲ.

ಒಂದು ಹೈಸ್ಕೂಲಿನ ಒಂದೇ ತರಗತಿಯವರು, ಶಾಲೆ ಬಿಟ್ಟು ಇಪ್ಪತ್ತೈದು ವರ್ಷವಾದ ಮೇಲೆ ಒಂದು ಕಡೆ ಸೇರಿದ್ದರು. ಯಾವ ಶಾಲೆ ಅಂತ ಹೇಳುವುದಿಲ್ಲ, ಮಾತು ಕೊಟ್ಟಿದ್ದೇನೆ. ನೆನಪಿನ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ನನ್ನ ಭಾಷಣ ಅಲ್ಲಿ ಯಾರಿಗೂ ಬೇಕಿರಲಿಲ್ಲ, ಅದು ಬೇರೆ ವಿಷಯ. ಅವರಿಗೆ ಬೇಕಿದ್ದದ್ದು ಗಂಟೆಯ ಕಥೆ.

ಏನದು ಅಂದರೆ, ಇವರು ಕೊನೆಯ ವರ್ಷದಲ್ಲಿದ್ದಾಗ ಒಂದು ದಿನ ಕೊನೇ ಪೀರಿಯಡ್ಡಿಗೆ ಗಣಿತದ ಟೆಸ್ಟ್ ಇತ್ತಂತೆ. ಪ್ರಶ್ನೆಪತ್ರಿಕೆ ಇನ್ನೂ ಕೈಗೆ ಬಂದಿಲ್ಲ, ಅಷ್ಟರಲ್ಲಿ ಉದ್ದನೆ ಗಂಟೆ ಹೊಡೆಯಿತು. ಮನೆಗೆ ಬಿಡುವ ಗಂಟೆ. ಹುಡುಗರು ಕೇಳಬೇಕೇ? ಬ್ಯಾಗು ಹೆಗಲಿಗೆ ಹಾಕಿ ಓಡಿದರು. ಹೆಡ್‌ಮಾಸ್ಟರು ಅಂಗಳದಲ್ಲಿ ನಿಂತು ಕೂಗಿದರೂ ಯಾರೂ ತಿರುಗಿ ನೋಡಲಿಲ್ಲ. ಪ್ರಶ್ನೆ ಏನಪ್ಪಾ ಅಂದರೆ, ಗಂಟೆ ಹೊಡೆದದ್ದು ಯಾರು?

ಒಬ್ಬರು ಎದ್ದು ನಿಂತರು. "ನಾನೇ. ಕಿಟಕಿಯಿಂದ ಹಾರಿ ಕಂಬದ ಹಿಂದೆ ಅಡಗಿದ್ದೆ. ಜವಾನ ಆ ಕಡೆ ಹೋದದ್ದೇ ತಡ, ಹೊಡೆದೆ." ಅವರು ಕೂರುವುದರೊಳಗೆ ಇನ್ನೊಬ್ಬರು ಎದ್ದರು. "ನೀನು ಅವತ್ತು ಶಾಲೆಗೇ ಬಂದಿರಲಿಲ್ಲ ಮಾರಾಯ. ಹೊಡೆದದ್ದು ನಾನು. ಸುತ್ತಿಗೆ ಸಿಗಲಿಲ್ಲ, ಕಲ್ಲಿನಲ್ಲಿ ಹೊಡೆದೆ." ಮೂರನೆಯವರು ಏನೂ ಮಾತಾಡಲಿಲ್ಲ. ಬೆರಳು ಎತ್ತಿ ತೋರಿಸಿದರು. ತೋರುಬೆರಳಿನ ಮೇಲೆ ಒಂದು ಹಳೇ ಗಾಯದ ಗುರುತು. "ಸುತ್ತಿಗೆ ಜಾರಿ ಇಲ್ಲಿಗೆ ಬಿತ್ತು. ಇನ್ನೇನು ಸಾಕ್ಷಿ ಬೇಕು?" ಅಂದರು. ಸಭೆ ಮೂರು ಪಕ್ಷವಾಯಿತು. ಒಬ್ಬೊಬ್ಬರಿಗೂ ಸಾಕ್ಷಿ ಹೇಳುವವರು ಇದ್ದರು, "ನಾನು ಕಣ್ಣಾರೆ ನೋಡಿದ್ದೇನೆ" ಅಂತ. ನೆನಪಿನ ಮೇಲೆ ಪಾಠ ಮಾಡುವವನಿಗೆ ಇದಕ್ಕಿಂತ ದೊಡ್ಡ ಹಬ್ಬ ಇದೆಯಾ? ನಾನು ಭಾಷಣದ ಕಾಗದ ಜೇಬಿಗೆ ಹಾಕಿಕೊಂಡು ಸುಮ್ನೆ ಕೂತೆ.

ಆಗ ಹಿಂದಿನ ಸಾಲಿನಲ್ಲಿದ್ದ ಒಬ್ಬ ಹೆಂಗಸು ಚೀಲದಿಂದ ಒಂದು ಪುಟ್ಟ ನೋಟ್‌ಬುಕ್ ತೆಗೆದರು. ಅಲ್ಲಿಯವರೆಗೂ ತುಟಿ ಬಿಚ್ಚಿರಲಿಲ್ಲ. ಆ ವರ್ಷ ರಾತ್ರಿ ಮಲಗುವ ಮೊದಲು ಎರಡು ಮೂರು ಸಾಲು ಬರೆಯುವ ಅಭ್ಯಾಸ ಇಟ್ಟುಕೊಂಡಿದ್ದರಂತೆ. ಪುಟ ಹುಡುಕಿ ಓದಿದರು. "ಇವತ್ತು ಗಂಟೆ ಬೇಗ ಹೊಡೆಯಿತು. ಜವಾನರ ವಾಚು ಮುಂದೆ ಓಡುತ್ತಿತ್ತಂತೆ. ಅವರಿಗೆ ಬೈಗುಳ ಆಯಿತು. ಟೆಸ್ಟ್ ನಾಳೆಗೆ. ನಾನು ಓದಿರಲಿಲ್ಲ, ಒಳ್ಳೆಯದೇ ಆಯಿತು."

ಮುಗಿಯಿತು. ಗಂಟೆಯನ್ನು ಯಾರೂ ಕದ್ದು ಹೊಡೆದೇ ಇರಲಿಲ್ಲ! ನಗು ಶುರುವಾದದ್ದು ನಿಲ್ಲಲೇ ಇಲ್ಲ. ಬೆರಳು ತೋರಿಸಿದವರು ಮಾತ್ರ ನಗಲಿಲ್ಲ. ಗಾಯವನ್ನೇ ನೋಡಿಕೊಳ್ಳುತ್ತಾ, "ಹಾಗಾದರೆ ಇದು ಯಾವಾಗ ಆಯಿತು?" ಅಂದರು. ಪಾಪ, ಅದನ್ನು ಹೇಳುವವರು ಅಲ್ಲಿ ಯಾರೂ ಇರಲಿಲ್ಲ.

ನಾನು ಹೇಳಬೇಕಾದದ್ದು ಇದರ ಮುಂದಿನದು. ಐದು ನಿಮಿಷದಲ್ಲಿ ಗಂಟೆಯ ವಿಷಯ ಎಲ್ಲರಿಗೂ ಸಾಕಾಯಿತು. ಆ ನೋಟ್‌ಬುಕ್ ಕೈಯಿಂದ ಕೈಗೆ ಹೋಗಲು ಶುರುವಾಯಿತು. ಅದರಲ್ಲಿ ಇದ್ದದ್ದಾದರೂ ಏನು? "ನಮ್ಮ ಬೆಂಚಿನ ಒಂದು ಕಾಲು ಗಿಡ್ಡ. ಕಾಗದ ಮಡಚಿ ಇಟ್ಟೆವು. ಯಾರೋ ತೆಗೆದರು." ಇನ್ನೊಂದು ಪುಟದಲ್ಲಿ, "ಅವಳು ಕಂಪಾಸಿನ ಮುಳ್ಳಿನಲ್ಲಿ ಡೆಸ್ಕಿನ ಮೇಲೆ ಗೆರೆ ಎಳೆದಳು. ಆ ಕಡೆ ಅವಳದಂತೆ, ಈ ಕಡೆ ನನ್ನದಂತೆ. ಅವಳ ಕಡೆ ಜಾಸ್ತಿ." ಆ ಗೆರೆ ಎಳೆದವರೂ ಅಲ್ಲೇ ಇದ್ದರು. ಹೆಗಲ ಮೇಲಿಂದ ಬಗ್ಗಿ ಓದಿ, "ನಾನು ಹಾಗೆಲ್ಲ ಮಾಡುವವಳೇ ಅಲ್ಲ" ಅಂದರು. ಅಂದು, ಮುಂದಿನ ಪುಟ ತಿರುಗಿಸಿ ಅಂತ ಸನ್ನೆ ಮಾಡಿದರು. ಒಬ್ಬ ದೊಡ್ಡ ಅಧಿಕಾರಿಯ ಹೆಸರು ಒಂದೇ ಒಂದು ಸಾಲಿನಲ್ಲಿ ಬಂದಿತ್ತು: "ರಬ್ಬರ್ ಇಸಿದುಕೊಂಡು ಹೋದ. ಕೊಟ್ಟಿಲ್ಲ." ಆ ಮನುಷ್ಯ ಅದನ್ನು ಓದಿದರು. ಮತ್ತೆ ಓದಿದರು. ಆಮೇಲೆ ಫೋನ್ ತೆಗೆದು ಆ ಸಾಲಿನ ಫೋಟೊ ತೆಗೆದುಕೊಂಡರು. ಅವತ್ತು ವೇದಿಕೆಯ ಮೇಲೆ ಅವರಿಗೆ ಸನ್ಮಾನ ಆಗಿತ್ತು. ಅದರ ಫೋಟೊ ಬೇಕು ಅಂತ ಅವರು ಕೇಳಿದ್ದನ್ನು ನಾನಂತೂ ನೋಡಲಿಲ್ಲ.

ಬರೆದಾಕೆ ಲೇಖಕಿ ಅಲ್ಲ. ಭಾಷೆ ಚಂದ ಇರಲಿಲ್ಲ, ಅಕ್ಷರವೂ ಚಂದ ಇರಲಿಲ್ಲ. ಅವತ್ತಿನದನ್ನು ಅವತ್ತೇ ಬರೆದಿದ್ದರು, ಅಷ್ಟೇ.

ಇದಕ್ಕೂ ಒಂದು ಅಧ್ಯಯನ ಇದೆ. ಟಿಂಗ್ ಜಾಂಗ್ ಮತ್ತು ಅವರ ಸಂಗಡಿಗರು 2014ರಲ್ಲಿ ಪ್ರಕಟಿಸಿದ್ದು. 135 ಕಾಲೇಜು ವಿದ್ಯಾರ್ಥಿಗಳಿಗೆ ಬೇಸಿಗೆಯ ರಜೆ ಶುರುವಾಗುವಾಗ ಸಣ್ಣ ಸಣ್ಣ ವಿಷಯ ಬರೆದಿಡಲು ಹೇಳಿದರು. ಇತ್ತೀಚೆಗೆ ಯಾರ ಜೊತೆ ಏನು ಮಾತಾಡಿದಿರಿ, ಯಾವ ಮೂರು ಹಾಡು ಕೇಳಿದಿರಿ, ನಿಮ್ಮ ಗುಂಪಿಗೆ ಮಾತ್ರ ಅರ್ಥವಾಗುವ ಜೋಕ್ ಯಾವುದು, ಪರೀಕ್ಷೆಯಲ್ಲಿ ಬಂದ ಒಂದು ಪ್ರಶ್ನೆ. ಬರೆಸಿದ ಮೇಲೆ, ಮುಂದೆ ಇದನ್ನು ಓದಲು ನಿಮಗೆ ಎಷ್ಟು ಕುತೂಹಲ ಇರಬಹುದು ಅಂತ ಕೇಳಿದರು. ಅಂಥದ್ದೇನೂ ಇರಲಿಕ್ಕಿಲ್ಲ ಅನ್ನುವ ಧಾಟಿಯ ಉತ್ತರ ಬಂತು. ಮೂರು ತಿಂಗಳ ಮೇಲೆ ಅದನ್ನೇ ಕೊಟ್ಟರೆ, ತಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಕುತೂಹಲದಿಂದ ಓದಿದರು. ಅದೇ ತಂಡ ಇನ್ನೊಂದನ್ನೂ ಕಂಡುಕೊಂಡಿತು. ವಿಶೇಷ ದಿನದ ಬಗ್ಗೆ ನಮ್ಮ ಅಂದಾಜು ಅಷ್ಟೊಂದು ತಪ್ಪುವುದಿಲ್ಲ. ಮಾಮೂಲಿ ದಿನದ ಬೆಲೆ ಕಟ್ಟುವಾಗಲೇ ನಾವು ಜಾಸ್ತಿ ಎಡವುವುದು. ಇದು ಮೂರೇ ತಿಂಗಳ ಕಥೆ. ನಿಮ್ಮ ಮುಂದೆ ಎಷ್ಟು ವರ್ಷ ಇದೆ ಯೋಚನೆ ಮಾಡಿ.

ಮಾಮೂಲಿ ದಿನ ಅಂದೆ. ಅದನ್ನೇ ಹಿಡಿಯಿರಿ. ಪ್ರವಾಸ, ವಾರ್ಷಿಕೋತ್ಸವ, ಪಂದ್ಯದಲ್ಲಿ ಗೆದ್ದ ಕಪ್ಪು, ಇದನ್ನೆಲ್ಲ ಹೇಗಿದ್ದರೂ ಯಾರಾದರೂ ನೆನಪಿಸುತ್ತಾರೆ. ನೀವು ಬರೆಯಬೇಕಾದದ್ದು ಏನೂ ನಡೆಯದ ಒಂದು ಮಂಗಳವಾರ. ಕ್ಲಾಸಿನಲ್ಲಿ ಎಲ್ಲಿ ಕೂರುತ್ತಿದ್ದಿರಿ? ಪಕ್ಕ ಯಾರು, ಮುಂದೆ ಯಾರು? ಕಿಟಕಿಯಿಂದ ಏನು ಕಾಣುತ್ತಿತ್ತು? ಮೇಷ್ಟ್ರು ಪದೇ ಪದೇ ಹೇಳುತ್ತಿದ್ದ ಮಾತು ಯಾವುದು, ಯಾವ ಮೇಡಂ ಬಂದರೆ ಎದೆ ಡವಡವ ಅನ್ನುತ್ತಿತ್ತು? ಯಾರ ಜೊತೆ ಮಾತು ಬಿಟ್ಟಿದ್ದಿರಿ, ಯಾಕೆ? "ಹೈಸ್ಕೂಲು ನನಗೆ ಬದುಕು ಕಲಿಸಿತು" ಅಂತ ದಯವಿಟ್ಟು ಬರೆಯಬೇಡಿ. ಅದನ್ನು ಎಷ್ಟು ವರ್ಷ ಕಳೆದ ಮೇಲೂ ಬರೆಯಬಹುದು. ಪಕ್ಕದವನ ಪೆನ್ನಿನ ಕ್ಯಾಪು ಕಚ್ಚಿ ಕಚ್ಚಿ ಹೇಗಾಗಿತ್ತು ಅನ್ನುವುದನ್ನು ಆಗ ಬರೆಯಲು ಆಗುವುದಿಲ್ಲ.

"ಫೋನಿನಲ್ಲಿ ಫೋಟೊ ಇದೆಯಲ್ಲ ಸಾರ್" ಅನ್ನುತ್ತಾರೆ ಮಕ್ಕಳು. ಇದೆ. ಸಾವಿರಗಟ್ಟಲೆ ಇದೆ. ಎಲ್ಲದರಲ್ಲೂ ಹಲ್ಲು ಬಿಟ್ಟುಕೊಂಡು ನಿಂತಿದ್ದೀರಿ. ಸಾಲಿನಲ್ಲಿ ಮೂರನೆಯವಳಾಗಿ ನಿಂತವಳು ಅವತ್ತು ಬೆಳಗ್ಗೆಯೆಲ್ಲ ಅತ್ತಿದ್ದಳು ಅಂತ ಫೋಟೊ ಹೇಳುತ್ತದಾ? ಬರೆಯಬೇಕು.

ಗಂಟೆಯ ಕಥೆಗೇ ಬಹಳ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಬೇಗ ಹೇಳುತ್ತೇನೆ.

ಈ ವಯಸ್ಸನ್ನೇ ಯಾಕೆ ಹಿಡಿದುಕೊಂಡೆ ಅಂದರೆ, ವಯಸ್ಸಾದವರನ್ನು ಹಳೆಯದು ಹೇಳಿ ಅಂದರೆ ಸುಮಾರು 10ರಿಂದ 30ರೊಳಗಿನ ದಿನಗಳೇ ಜಾಸ್ತಿ ಹೊರಗೆ ಬರುತ್ತವೆ. ಮೊದಲ ಗೆಳೆತನ, ಮೊದಲ ಸೋಲು, ಎಲ್ಲಾ ಆಗಲೇ ಅಲ್ವಾ. ಅಂದರೆ ಈ ಹೈಸ್ಕೂಲಿನ ಕಥೆಯನ್ನು ನೀವು ಬದುಕಿಡೀ ಹೇಳುತ್ತಲೇ ಇರುತ್ತೀರಿ. ಹೇಳಿದಷ್ಟೂ ಅದು ಬದಲಾಗುತ್ತಾ ಹೋಗುತ್ತದೆ. ಬದಲಾಗುವ ಮೊದಲು ಒಂದು ಪ್ರತಿ ಕಾಗದದ ಮೇಲೆ ಇರಲಿ.

ಇನ್ನು ಗ್ರೂಪ್ ಫೋಟೊ. ಅದರ ಹಿಂದೆ ಸಾಲಾಗಿ ಹೆಸರು ಬರೆಯಿರಿ. ಇದೇ ಬಾಹ್ರಿಕ್ 1975ರಲ್ಲಿ 392 ಜನರನ್ನು ಪರೀಕ್ಷಿಸಿದ್ದರು. ಅವರಲ್ಲಿ ಆಗಷ್ಟೇ ಹೈಸ್ಕೂಲು ಮುಗಿಸಿದವರಿಂದ ಹಿಡಿದು ಬಿಟ್ಟು 50 ವರ್ಷ ಆಗಲು ಬಂದವರವರೆಗೂ ಇದ್ದರು. ಐದು ಫೋಟೊ ಇಟ್ಟು ನಿಮ್ಮ ಸಹಪಾಠಿ ಯಾರು ಅಂದರೆ, 35 ವರ್ಷವಾದವರೂ ನೂರಕ್ಕೆ ಸುಮಾರು 90 ಸಲ ಸರಿಯಾಗಿ ತೋರಿಸಿದರು. ಮುಖ ಹೋಗುವುದಿಲ್ಲ. ಆದರೆ ಮುಖ ನೋಡಿ ಹೆಸರು ಹೇಳಿ ಅಂದಾಗ ಬಹಳ ಜನ ತಡವರಿಸಿದರು.

ದೊಡ್ಡವರೂ ಕೇಳುತ್ತಿದ್ದೀರಿ ಅಂದುಕೊಂಡಿದ್ದೇನೆ. ನಿಮ್ಮ ಹಳೇ ಗೆಳೆಯರು ಒಟ್ಟಿಗೆ ಸೇರುವುದಿದ್ದರೆ, ಸೇರುವ ಮೊದಲು ಒಬ್ಬೊಬ್ಬರೂ ಬೇರೆ ಬೇರೆ ಬರೆದುಕೊಂಡು ಬನ್ನಿ. ಮಾತು ಶುರುವಾದ ಮೇಲೆ ಜೋರು ದನಿಯವರ ನೆನಪೇ ಎಲ್ಲರ ನೆನಪಾಗಿಬಿಡುತ್ತದೆ.

ಕೊನೆಗೆ ಮೇಷ್ಟ್ರುಗಳಿಗೆ, ಮೇಡಂಗಳಿಗೆ ಒಂದು ವಿನಂತಿ. ಬೀಳ್ಕೊಡುಗೆಯ ದಿನ ಒಂದು ಭಾಷಣ ಕಡಿಮೆ ಮಾಡಿ. ನನ್ನದೇ ಆದರೂ ಸರಿ. ಆ ಹೊತ್ತಿನಲ್ಲಿ ಮಕ್ಕಳಿಗೆ ಒಂದೊಂದು ಹಾಳೆ ಕೊಟ್ಟು ಬರೆಸಿ. ತಿದ್ದಬೇಡಿ, ಓದಲೂ ಬೇಡಿ, ಮಡಚಿ ಅವರ ಕೈಗೇ ಕೊಟ್ಟು ಕಳಿಸಿ. ಹೇಗೆ ಶುರು ಮಾಡುವುದು ಅಂತ ಕೇಳಿದರೆ ಬೋರ್ಡಿನ ಮೇಲೆ ಇಷ್ಟು ಬರೆದರೆ ಸಾಕು: "ನನ್ನ ಪಕ್ಕ ಕೂರುತ್ತಿದ್ದದ್ದು..."

ನಮಸ್ಕಾರ.